ಭಟ್ಟಿಯ ಮುಂದಿನ ಮೂಗು

ಶೆಡ್ಡಿನ ಮೇಲಿನ ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಸಣ್ಣಪ್ಪಾ,

ಮೊದಲು ಅತ್ತಿಗೆಯ ಆಶೀರ್ವಾದ ತೆಗೆದುಕೋ, ಬೈಗುಳ ಆಮೇಲೆ. ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಸಮುದ್ರದ ಗಾಳಿ ಎದೆಗೆ ಒಳ್ಳೆಯದು ಎಂದು ಪಕ್ಕದ ದರ್ಜಿಯಮ್ಮ ಹೇಳಿದರು, ಉಪ್ಪುಗಾಳಿಗೆ ಕಫ ಕಟ್ಟುತ್ತದೆ ಎಂದು ಅವರ ಗಂಡ ಹೇಳಿದರು. ಇಬ್ಬರೂ ಸಮುದ್ರ ನೋಡಿದವರಲ್ಲ, ಆದ್ದರಿಂದ ನಿನಗೆ ಹೇಗಾಗಿದೆಯೋ ನೀನೇ ಬರೆ. ಬಿಸಿನೀರು ಕುಡಿ. ತಲೆ ಒದ್ದೆ ಇಟ್ಟುಕೊಂಡು ಮಲಗಬೇಡ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಶೂ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ, ದಿನಾ ಬೆಳಗ್ಗೆ ಕಾಲು ಚಾಚಿಕೊಂಡು ನನ್ನ ಮುಂದೆ ಕೂರುತ್ತಿದ್ದೆ. ಆ ಸಲಿಗೆಯಲ್ಲಿ ಹೇಳುತ್ತಿದ್ದೇನೆ, ಮೀಸೆ ಬಂದ ಮೈದುನನಿಗೆ ಬುದ್ಧಿ ಹೇಳಬಾರದೆಂದು ಎಲ್ಲೂ ಬರೆದಿಲ್ಲವಲ್ಲ. ನಿನ್ನ ಅಣ್ಣನ ಮಗಳು ಚೆನ್ನಾಗಿದ್ದಾಳೆ. ಚಿಕ್ಕಪ್ಪ ಇಲ್ಲದೆ ಮನೆಯಲ್ಲಿ ಜಗಳಕ್ಕೆ ಜನ ಸಾಲದು ಎಂದು ನನ್ನ ಮೇಲೆ ಬೀಳುತ್ತಾಳೆ.

ನಿನ್ನ ಪತ್ರ ಮೊನ್ನೆ ಬಂತು. ಎರಡು ಸಲ ಓದಿ ಮಡಿಸಿಟ್ಟೆ, ಮೂರನೇ ಸಲ ಓದಲು ಧೈರ್ಯವಾಗಲಿಲ್ಲ. ದೋಣಿ ರಿಪೇರಿಯ ಆ ಅಂಗಳದಲ್ಲಿ ತುಕ್ಕು ಕೆರೆಯಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುವವರು ಬೇಕೆಂದು ಕೇಳಿದರಂತೆ, ನೀನು “ನನಗೆ ಆ ಕೆಲಸ ಬರುವುದಿಲ್ಲ” ಎಂದೆಯಂತೆ. ಬರುವುದಿಲ್ಲವೇ? ಹದಿನೇಳನೇ ವಯಸ್ಸಿನಿಂದ ಬೇರೇನು ಮಾಡಿದ್ದೀಯ ನೀನು? ಈಗ ದಿನವಿಡೀ ಹಗ್ಗ ಸುತ್ತಿ ಒಟ್ಟುವ ಕೆಲಸವಂತೆ. “ನನ್ನ ಕೈ ಸರಿಯಿಲ್ಲ ಅತ್ತಿಗೆ, ಇನ್ನೊಬ್ಬರ ಕೆಲಸ ಯಾಕೆ ಕೆಡಿಸಲಿ” ಎಂದು ಬರೆದಿದ್ದೀಯ. ಆ ಸಾಲು ಓದಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಸುತ್ತಿ ಬಳಸಿ ಹೇಳುವುದಿಲ್ಲ, ನೇರವಾಗಿ ಹೇಳುತ್ತೇನೆ. ನಿನ್ನ ಕೈ ಸರಿಯಿದೆ. ಯಾವತ್ತೂ ಸರಿಯಾಗಿಯೇ ಇತ್ತು. ಕೆಟ್ಟದ್ದು ನಿನ್ನ ಅಣ್ಣನ ಮೂಗು. ನಗಬೇಡ, ನನಗೂ ಮೊದಲು ನಗುವೇ ಬಂದಿತ್ತು.

ಹೋದ ತಿಂಗಳ ಮೊದಲಲ್ಲಿ ಒಂದು ದಿನ ಹಾಲು ಒಲೆಯ ಮೇಲಿಟ್ಟು, ಉಕ್ಕಿದರೆ ಆರಿಸಿ ಎಂದು ನಿನ್ನ ಅಣ್ಣನಿಗೆ ಹೇಳಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಅಲ್ಲಿ ದರ್ಜಿಯಮ್ಮ ಮಾತಿಗೆ ಸಿಕ್ಕಿದರು. ಅವರು ಸಿಕ್ಕಿದರೆ ಏನಾಗುತ್ತದೆ ಎಂದು ನಿನಗೆ ಗೊತ್ತು. ಮಾತಿನ ಮಧ್ಯೆ ಅವರೇ ಮೂಗು ಮುಚ್ಚಿಕೊಂಡು, ಯಾರ ಮನೆಯಲ್ಲೋ ಹಾಲು ಸೀದಿದೆ ಎಂದರು. ಯಾರ ಮನೆ ಎಂದು ನನಗೆ ತಕ್ಷಣ ಗೊತ್ತಾಯಿತು. ಓಡಿ ಇಳಿದೆ. ಪಾತ್ರೆಯ ತಳ ಕರಕಲಾಗಿ, ಹೊಗೆ ಕಿಟಕಿಯಿಂದ ಹೊರಗೆ ಹೋಗುತ್ತಿದೆ, ಇಡೀ ಮನೆ ನಾರುತ್ತಿದೆ. ಒಲೆಗೆ ಬೆನ್ನು ಹಾಕಿ, ಮೂರಡಿ ದೂರದಲ್ಲಿ, ನಿನ್ನ ಅಣ್ಣ ಹಾಯಾಗಿ ಪೇಪರ್ ಓದುತ್ತ ಕೂತಿದ್ದಾರೆ. “ಯಾಕೆ ಹಾಗೆ ಓಡಿ ಬಂದೆ? ಹಾಲಿನ್ನೂ ಉಕ್ಕಿಲ್ಲ, ನಾನು ನೋಡ್ತಾನೇ ಇದ್ದೀನಿ” ಅಂದರು. ನಮ್ಮ ಬೀದಿಯ ಆ ತುದಿಯಲ್ಲಿ ಯಾರಾದರೂ ಡಬ್ಬಿ ಬಣ್ಣ ತೆರೆದರೆ ಅದು ಯಾವ ಕಂಪನಿಯದು ಎಂದು ಹೇಳುತ್ತಿದ್ದ ಮನುಷ್ಯ ಅವರು.

ಪಾತ್ರೆ ನೆನೆಹಾಕಿ ಸುಮ್ಮನೆ ಪರೀಕ್ಷೆಗೆ ಇಳಿದೆ. ಬೆಳ್ಳುಳ್ಳಿ ಜಜ್ಜಿದ ಕೈಯಲ್ಲೇ ಅವರ ಕನ್ನಡಕ ಒರೆಸಿಕೊಟ್ಟೆ. ನನ್ನ ಕೈಗೆ ಬೆಳ್ಳುಳ್ಳಿ ವಾಸನೆ ಇದ್ದರೆ ಮಾರು ದೂರ ಸರಿಯುತ್ತಿದ್ದವರು “ಥ್ಯಾಂಕ್ಸ್” ಅಂದರು. ಮದುವೆಯಾದ ಮೇಲೆ ಅವರು ನನಗೆ ಹೇಳಿದ ಮೊದಲನೇ ಥ್ಯಾಂಕ್ಸ್ ಅದು. ಮರುದಿನ ಅಂಗಿಯ ಜೇಬಿನಲ್ಲಿ ಎರಡು ನುಸಿಗುಳಿಗೆ ಹಾಕಿಟ್ಟೆ, ಅದನ್ನು ತೊಟ್ಟುಕೊಂಡು ಸಂಜೆಯವರೆಗೆ ತಿರುಗಾಡಿದರು. ಅಂಗಡಿಗೆ ಬಂದವರೆಲ್ಲ ಅವರನ್ನು ಹಳೇ ಪೆಟ್ಟಿಗೆ ನೋಡಿದ ಹಾಗೆ ನೋಡುತ್ತಿದ್ದರು. ಅಂದು ಊಟಕ್ಕೆ ಬಡಿಸುವಾಗ ನನಗೆ ಇನ್ನೊಂದು ಹೊಳೆಯಿತು. ಸುಮಾರು ಒಂದು ವರ್ಷದಿಂದ ಅವರು ನನ್ನ ಅಡುಗೆಗೆ ಕೊಂಕು ತೆಗೆದಿಲ್ಲ. ಒಗ್ಗರಣೆ ಹೆಚ್ಚು ಸುಟ್ಟಿದೆ, ಎಣ್ಣೆ ಹಳೆಯದು, ಈರುಳ್ಳಿ ಹಸಿ, ಹೀಗೆ ದಿನಕ್ಕೊಂದು ಹೇಳದೆ ಕೈ ತೊಳೆಯದಿದ್ದವರು ಮೌನವಾಗಿ ಉಂಡು ಏಳುತ್ತಿದ್ದರು. ವಯಸ್ಸಾಯಿತು, ಹೆಂಡತಿಯ ಬೆಲೆ ತಿಳಿಯಿತು ಎಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ, ಸಣ್ಣಪ್ಪಾ. ದರ್ಜಿಯಮ್ಮನ ಮುಂದೆ ಕೊಚ್ಚಿಕೊಂಡೂ ಇದ್ದೆ. ಅದು ಪ್ರೀತಿಯಲ್ಲ, ಅವರಿಗೆ ರುಚಿಯೇ ಹತ್ತುತ್ತಿರಲಿಲ್ಲ ಎಂದು ತಿಳಿದಾಗ ಸಟ್ಟುಗ ಕೈಯಲ್ಲೇ ಉಳಿಯಿತು. ಇದನ್ನು ಓದಿ ನೀನು ನಗುತ್ತೀಯ ಎಂದು ಗೊತ್ತು, ನಗು, ಆದರೆ ನನ್ನ ಹೊಟ್ಟೆ ಉರಿದದ್ದು ನನಗೇ ಗೊತ್ತು.

ಆ ಉರಿ ಆರುವ ಮೊದಲೇ ಭಟ್ಟಿ ನೆನಪಾಯಿತು. ಮುಚ್ಚಿಹೋದ ಬೇಕರಿಯಿಂದ ನಿನ್ನ ಅಣ್ಣ ತಂದ ಆ ಭಟ್ಟಿಯ ಮುಳ್ಳು ಎಂದೂ ಸರಿಯಾದ ಶಾಖ ತೋರಿಸಿದ್ದಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ, ಅವರ ಮೂಗಿತ್ತು. ಎಂಜಿನ್ನಿನ ಹೊಗೆ ಹೊರಗೆ ತರುವ ಹೆಡರ್ ಕೊಳವೆಗಳು ಬಂದರೆ, ನೀನು ಹಳೆಯ ಲೇಪವನ್ನೂ ತುಕ್ಕನ್ನೂ ಮರಳು ಹೊಡೆದು ಬೆಳ್ಳಗೆ ಮಾಡುತ್ತಿದ್ದೆ, ಅವರು ಪಿಂಗಾಣಿಯಂಥ ಸೆರಾಮಿಕ್ ಲೇಪವನ್ನು ತೆಳ್ಳಗೆ ಸ್ಪ್ರೇ ಮಾಡಿ ಭಟ್ಟಿಗಿಡುತ್ತಿದ್ದರು. ಪಿಂಗಾಣಿ ಬೇಯುತ್ತಿದೆ ಎಂದು ನಾವೆಲ್ಲ ಅನ್ನುತ್ತಿದ್ದುದು ಅದಕ್ಕೇ. ಬೇಯುವಾಗ ಸುಟ್ಟ ಸಕ್ಕರೆಯಂಥ ಒಂದು ಸಣ್ಣ ವಾಸನೆ ಬರುತ್ತದೆ. ಆ ವಾಸನೆ ಪೂರ್ತಿ ನಿಂತರೆ ಬೆಂದಿತು ಎಂದು ಲೆಕ್ಕ, ಒಂದು ಎಳೆ ಉಳಿದಿದ್ದರೂ ಒಳಗೆ ಹಸಿ. ಹಸಿಯಾಗಿ ಹೊರಗೆ ತೆಗೆದ ಲೇಪ ಕಾರಿನ ಬಿಸಿಗೆ ತಿಂಗಳೊಳಗೆ ಹೊಪ್ಪಳೆ ಎದ್ದು ಉದುರುತ್ತದೆ. ಅದಕ್ಕೇ ಆ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ, ಬಾಗಿಲಲ್ಲಿ ನಿಂತವರು ಉಸಿರೆತ್ತುವ ಹಾಗಿರಲಿಲ್ಲ. ಭಟ್ಟಿಯ ಕಿಂಡಿಗೆ ಮುಖ ಕೊಟ್ಟು, ಉದ್ದಕ್ಕೆ ಉಸಿರೆಳೆದು, “ಆಯ್ತು, ಇಳ್ಸಿ” ಅನ್ನುವವರೆಗೆ ಇಡೀ ಶೆಡ್ಡು ಕಾಯುತ್ತಿತ್ತು. ಈಗ ಯೋಚಿಸು. ವಾಸನೆ ನಿಂತಿತೇ ಎಂದು ನೋಡಬೇಕಾದವನಿಗೆ ವಾಸನೆಯೇ ಬರದಿದ್ದರೆ, ಅವನಿಗೆ ಪ್ರತಿಸಲವೂ ಬೆಂದೇ ಇರುತ್ತದೆ.

ನೀನು ಹೋದ ದಿನವನ್ನು ನಿನಗೆ ನೆನಪಿಸಬೇಕಾಗಿಲ್ಲ, ಆದರೂ ನಾನು ಬಾಗಿಲಲ್ಲಿ ನಿಂತು ಕೇಳಿದ್ದನ್ನು ಬರೆಯಲೇಬೇಕು. ಆ ಹಲ್ಲಿನ ಡಾಕ್ಟರ ಹಳೇ ಕಾರಿನ ಕೊಳವೆ ಮಾಡಿಕೊಟ್ಟು ತಿಂಗಳಾಗಿರಲಿಲ್ಲ, ಹೊಪ್ಪಳೆ ಎದ್ದು ವಾಪಸು ಬಂತು. ನಿನ್ನ ಅಣ್ಣ ಮೊದಲು ಡಾಕ್ಟರನ್ನೇ ಹಿಡಿದುಕೊಂಡರು. ಬಿಸಿಯಿದ್ದಾಗ ನೀರು ಹುಯ್ದಿರಾ, ಚಕ್ರ ತೊಳೆಯುವ ಆಸಿಡ್ ಹಾಕಿದಿರಾ, ತಂತಿ ಬ್ರಷ್ಷಿನಿಂದ ತಿಕ್ಕಿದಿರಾ, ಬಿಸಿ ತಡೆಯಲೆಂದು ಮೇಲೆ ಬಟ್ಟೆ ಪಟ್ಟಿ ಸುತ್ತಿದಿರಾ ಎಂದು ಪೊಲೀಸರ ಹಾಗೆ ಕೇಳಿದರು. ಪಾಪ ಆ ಮನುಷ್ಯ ಒಂದನ್ನೂ ಮಾಡಿರಲಿಲ್ಲ. ಹೇಳಿಕೊಟ್ಟ ಹಾಗೆಯೇ ಮೊದಲ ದಿನ ಎಂಜಿನ್ ನಿಧಾನಕ್ಕೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಿದ್ದರು. ತಣ್ಣಗಿದ್ದಾಗ ಮಾತ್ರ ಸೋಪಿನ ನೀರು, ಮೆತ್ತನೆ ಬಟ್ಟೆ. ದಿನಾ ಹಲ್ಲು ಉಜ್ಜಿ ಎಂದು ಊರಿಗೆಲ್ಲ ಹೇಳುವವರು ತಮ್ಮ ಕೊಳವೆಯನ್ನು ಬಿಟ್ಟಾರೆಯೇ. ಅವರ ತಪ್ಪಿಲ್ಲ ಎಂದಾದ ಮೇಲೆ ನಿನ್ನ ಅಣ್ಣ ನಿನ್ನ ಕಡೆ ತಿರುಗಿದರು. “ನನ್ನ ಭಟ್ಟಿ ತಪ್ಪಲ್ಲ ಡಾಕ್ಟ್ರೇ. ಇವನ ಕೈ ಸರಿಯಿಲ್ಲ. ಲೋಹದಲ್ಲಿ ಎಣ್ಣೆ ಉಳಿಸ್ತಾನೆ, ಬರಿಗೈಲಿ ಮುಟ್ತಾನೆ” ಅಂದರು. ಗ್ಲೌಸ್ ಹಾಕದೆ ನೀನು ಬಾಗಿಲ ಚಿಲಕವನ್ನೂ ಮುಟ್ಟುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ನೀನು ನಿನ್ನ ಅಂಗೈ ನೋಡಿಕೊಂಡೆ. ಎದುರು ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ನೀನು ನಂಬಿಬಿಟ್ಟೆ. ಅಣ್ಣ ಹೇಳಿದ ಮೇಲೆ ಸರಿಯೇ ಇರಬೇಕು ಎಂದು ನಂಬಿ ಚೀಲ ಕಟ್ಟಿದೆ.

ನೀನು ಹೋದ ಮೇಲೆ ಮರಳು ಹೊಡೆಯುವುದೂ ಅವರೇ ಆದರು. ಡಾಕ್ಟರ ಕೊಳವೆ ಎರಡನೇ ಸಲ ಮಾಡಿಕೊಟ್ಟರು, ಅದೂ ಉದುರಿತು. ಆಗ ಬಣ್ಣ ಕೊಡುವವನದು ತಪ್ಪು ಅಂದರು, ಆಮೇಲೆ ಗಾಳಿ ಮೆಷೀನಿನಲ್ಲಿ ನೀರು ಸೇರುತ್ತಿದೆ ಅಂದರು. ನಾನು ತಲೆಯಾಡಿಸಿದೆ. ನನಗೇನು ಗೊತ್ತು, ನಾನು ಭಟ್ಟಿ ಕೋಣೆಯ ಹೊಸಿಲು ದಾಟಿದವಳಲ್ಲ. ಹಾಲು ಸೀದ ಮೇಲೆ ದಾಟಿದೆ. ಡಾಕ್ಟರ ಕೊಳವೆ ಮೂರನೇ ಸಲ ಭಟ್ಟಿಯಲ್ಲಿದ್ದ ದಿನ ಮೆಟ್ಟಿಲಿಳಿದು ಹೋಗಿ ಅವರ ಹಿಂದೆ ನಿಂತೆ. ಕಿಂಡಿಯಿಂದ ಆ ಸಕ್ಕರೆ ವಾಸನೆ ಧಾರಾಳವಾಗಿ ಬರುತ್ತಿತ್ತು, ನೆಗಡಿಯಾದ ಮಗುವಿಗೂ ಗೊತ್ತಾಗುವಷ್ಟು. ಅವರು ಎಂದಿನ ಗತ್ತಿನಲ್ಲಿ ಮುಖ ಕೊಟ್ಟರು, ಕಣ್ಣು ಮುಚ್ಚಿದರು, ಉದ್ದಕ್ಕೆ ಉಸಿರೆಳೆದರು, “ಆಯ್ತು” ಅಂದರು. ನಾನು “ಇನ್ನೂ ಆಗಿಲ್ಲ” ಅಂದೆ.

ಆ ಕೋಣೆಯಲ್ಲಿ ಅವರ ಮಾತಿನ ಮೇಲೆ ಮಾತು ಬಂದದ್ದು ಅದೇ ಮೊದಲು. ತಿರುಗಿ ನೋಡಿದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು, ಈಗ ಗುಡುಗುತ್ತಾರೆ ಎಂದು ಕಾದೆ. ಗುಡುಗಲಿಲ್ಲ. “ಬರ್ತಿದೆಯಾ?” ಎಂದು ಕೇಳಿದರು, ಅಷ್ಟೇ, ಅದೂ ಸಣ್ಣ ದನಿಯಲ್ಲಿ. ಬರುತ್ತಿದೆ ಅಂದೆ. ಕೊಳವೆ ಇಡುವ ಕಬ್ಬಿಣದ ಬೆಂಚಿನ ಮೇಲೆ ಕುಸಿದು ಕೂತು, “ನಂಗೆ ಏನೂ ಬರಲ್ಲ ಕಣೇ. ಯಾವ್ದೂ ಬರಲ್ಲ” ಅಂದರು. ನನಗೆ ಗೊತ್ತಿದ್ದ ಸಂಗತಿಯೇ, ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡಿದ್ದೆ. ಆದರೆ ಅವರಿಗೂ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ತನಗೆ ವಾಸನೆ ಬರುವುದಿಲ್ಲ ಎಂದು ತಿಳಿದೂ ತಿಳಿದೂ ದಿನಾ ಆ ಕಿಂಡಿಗೆ ಮುಖ ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಯಾರ ಮುಂದೆ ನಾಟಕ? ನೀನು ಹೋದ ಮೇಲೆ ಶೆಡ್ಡಿನಲ್ಲಿ ಅವರೊಬ್ಬರೇ ಇದ್ದರಲ್ಲ.

ಯಾವಾಗಿನಿಂದ ಎಂದು ಕೇಳಿದೆ. ಹೋದ ವರ್ಷ ಆ ಕೆಟ್ಟ ಜ್ವರ ಬಂದಿತ್ತಲ್ಲ, ಆಗಿನಿಂದ ಕಡಿಮೆಯಾಗುತ್ತ ಬಂತಂತೆ. ನೆಗಡಿ ಇರಬೇಕು, ಬಿಡುತ್ತದೆ ಎಂದುಕೊಂಡರಂತೆ. “ಅವನು ಹೋದ್ಮೇಲೆ, ನಾನೇ ಮರಳು ಹೊಡೆದದ್ದೂ ಉದುರ್ತಲ್ಲ, ಆವಾಗ ಗೊತ್ತಾಯ್ತು” ಅಂದರು. ಆಮೇಲೆ ಕೆಲಸ ಅಂದಾಜಿನ ಮೇಲೆ ನಡೆಯುತ್ತಿತ್ತು. ಜೀವಮಾನದಲ್ಲಿ ಗಡಿಯಾರ ನೋಡಿ ಬೇಯಿಸಿದವರಲ್ಲ, ಎಷ್ಟು ಹೊತ್ತು ಬೇಕೆಂಬುದೇ ಅವರಿಗೆ ತಿಳಿಯದು. ಹೆಚ್ಚು ಬೆಂದರೆ ಹೊಳಪು ಸಾಯುತ್ತದೆಂದು ಹೆದರಿ ಬೇಗ ಬೇಗ ಇಳಿಸುತ್ತಿದ್ದರು. ಇನ್ನೊಬ್ಬರನ್ನು ಕರೆದು ವಾಸನೆ ನೋಡು ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಬಾಯಿ ಬರಲಿಲ್ಲ. ಗೊತ್ತಾದ ಮೇಲಾದರೂ ತಮ್ಮನಿಗೆ ಒಂದು ಮಾತು ತಿಳಿಸಬಾರದಿತ್ತೇ ಎಂದು ನಾನು ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಬೈದು ಮುಗಿಯುವವರೆಗೂ ಪಿಂಗಾಣಿ ಬೇಯುತ್ತಲೇ ಇತ್ತು. ವಾಸನೆಯ ಕೊನೆಯ ಎಳೆ ನಿಂತು ನಾನು “ಈಗ ಆಯ್ತು” ಅಂದಾಗ ಬೀದಿಯ ದೀಪ ಹತ್ತಿತ್ತು. ಅವರು ಇಳಿಸುತ್ತಿದ್ದುದಕ್ಕಿಂತ ಎಷ್ಟೋ ಹೊತ್ತು ಹೆಚ್ಚು.

ಅಂದೇ ನಿನಗೆ ಬರೆಯಬೇಕೆಂದು ಕೈ ತುಡಿಯಿತು. ಆದರೆ ಉದುರದೆ ನಿಂತಿತು ಎಂದು ಕಣ್ಣಾರೆ ನೋಡದೆ ನಿನಗೆ ಆಸೆ ಹುಟ್ಟಿಸಬಾರದು ಎಂದು ತಡೆದುಕೊಂಡೆ. ತಿಂಗಳು ತುಂಬಿತೆಂದು ಇವತ್ತು ಬೆಳಗ್ಗೆ ಡಾಕ್ಟರು ಕಾರು ತಂದರು. ಘಟ್ಟ ಹತ್ತಿಸಿ ಇಳಿಸಿ ಚೆನ್ನಾಗಿ ಓಡಿಸಿದ್ದಾರಂತೆ. ಬಾನೆಟ್ ಎತ್ತಿ ಮೂವರೂ ಬಗ್ಗಿ ನೋಡಿದೆವು. ಒಂದು ಹೊಪ್ಪಳೆಯಿಲ್ಲ, ಒಂದು ಕಲೆಯಿಲ್ಲ, ಹೊಸ ತಟ್ಟೆಯ ಹಾಗಿದೆ. ನಿನ್ನ ಅಣ್ಣ ಬಹಳ ಹೊತ್ತು ನೋಡಿ, “ಒಳತಿರುವಿನಲ್ಲಿ ನಾನು ಸರಿಯಾಗಿ ಮರಳು ಹೊಡೆದಿರಲಿಲ್ಲ. ಅವನಾಗಿದ್ರೆ ಅಲ್ಲೂ ಬೆಳ್ಳಗೆ ಮಾಡ್ತಿದ್ದ. ಆದ್ರೂ ನಿಂತಿದೆ” ಅಂದರು. ಕೇಳಿದೆಯಾ? ನಿನಗಿಂತ ಕೆಟ್ಟದಾಗಿ ಹೊಡೆದದ್ದೇ ನಿಂತಿದೆ. ಹಾಗಾದರೆ ನಿನ್ನ ಕೈಯಲ್ಲಿ ಯಾವ ದೋಷವಿತ್ತು? ಮೂಗಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದೆ. ಜ್ವರದಿಂದ ಹೋದದ್ದು, ವರ್ಷಗಟ್ಟಲೆ ಹೊಗೆ ಕುಡಿದ ಮೂಗು, ವಾಪಸು ಬರುತ್ತದೆ ಎಂದು ಮಾತು ಕೊಡಲಾರೆ ಅಂದರು. ಸದ್ಯಕ್ಕೆ ಶೆಡ್ಡಿನ ಮೂಗು ನಾನೇ. ಅಡುಗೆ ಒಲೆಗೂ ಭಟ್ಟಿಗೂ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹಿಡಿದಿದೆ, ಆದರೆ ಸುಳ್ಳು ಯಾಕೆ ಹೇಳಲಿ, “ಆಯ್ತಾ?” ಎಂದು ಅವರು ನನ್ನ ಮುಖ ನೋಡುವಾಗ ಸ್ವಲ್ಪ ಜಂಬವೂ ಬರುತ್ತದೆ.

ಆದ್ದರಿಂದ ನನ್ನ ಮಾತು ಕೇಳು. ನಾಳೆಯೇ ಹೋಗಿ “ನನಗೆ ಮರಳು ಹೊಡೆಯುವ ಕೆಲಸ ಬರುತ್ತದೆ” ಎಂದು ಅಲ್ಲಿಯವರಿಗೆ ಹೇಳು. ಇಲ್ಲಿಗೆ ಬರುತ್ತೀಯಾದರೆ ಇನ್ನೂ ಸಂತೋಷ, ನಿನ್ನ ಕೋಣೆ ಗುಡಿಸಿಯೇ ಇದೆ. ಇನ್ನೊಂದು ಕೇಳಿಕೊಳ್ಳುತ್ತೇನೆ, ಅತ್ತಿಗೆಯಾಗಿ ಅಲ್ಲ, ಅವರ ಹೆಂಡತಿಯಾಗಿ. ನಿನ್ನ ಅಣ್ಣನನ್ನು ಕ್ಷಮಿಸಿಬಿಡು. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿದ್ದು ತಪ್ಪು, ದೊಡ್ಡ ತಪ್ಪು. ಆದರೆ ನಿನ್ನ ಕೈ ಸರಿಯಿಲ್ಲ ಎಂದು ಅಂದಾಗ ಅವರಿಗೆ ಗೊತ್ತಿರಲಿಲ್ಲ. ತನ್ನ ಭಟ್ಟಿಯನ್ನು ನಂಬಿದ್ದರು, ನಂಬಿ ಅಂದರು. ಬೇಕೆಂದು ನಿನ್ನ ಮೇಲೆ ಹಾಕಿದ್ದಲ್ಲ. ಅಷ್ಟು ಕೆಟ್ಟ ಮನುಷ್ಯನ ಜೊತೆ ನಾನು ಇಷ್ಟು ವರ್ಷ ಬಾಳಿಲ್ಲ.

ಮೈ ನೋಡಿಕೋ. ಹೊಟ್ಟೆ ತುಂಬ ಉಣ್ಣು. ಎಲ್ಲಿದ್ದರೂ ಚೆನ್ನಾಗಿರು, ನಿನ್ನ ಕೈಗೆ ಯಾರ ದೃಷ್ಟಿಯೂ ತಾಗದಿರಲಿ. ಮಗಳು ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸಿದ್ದಾಳೆ, ಬರುವಾಗ ಶಂಖ ತರಬೇಕಂತೆ.

ಇಂತಿ ನಿನ್ನ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಈ ಪತ್ರವನ್ನು ನಿನ್ನ ಅಣ್ಣನಿಗೆ ಓದಿ ಹೇಳಿದೆ, ಹಿಂದಿನಿಂದ ಬರೆದಳು ಅನ್ನಿಸಬಾರದು ನೋಡು. ಕೊನೆಗೆ ಬಂದಾಗ, “ಅದು ಸುಳ್ಳು, ತಿದ್ದು” ಅಂದರು. ಯಾವುದು ಎಂದೆ. “ಅವತ್ತು ಗೊತ್ತಿರಲಿಲ್ಲ ಅಂತ ಬರ್ದಿದ್ದೀಯಲ್ಲ, ಅದು. ಗೊತ್ತಿತ್ತು. ಡಾಕ್ಟ್ರ ಮುಂದೆ ಅವನ ಕೈ ಸರಿಯಿಲ್ಲ ಅಂದಾಗ್ಲೇ ಗೊತ್ತಿತ್ತು. ಮೂಗು ಹೋಯ್ತು ಅಂತ ಗೊತ್ತಾದ್ರೆ ನನ್ಹತ್ರ ಯಾರು ಬರ್ತಾರೆ? ಅವನು ಚಿಕ್ಕವನು, ಎಲ್ಲಾದ್ರೂ ಬದುಕ್ಕೋತಾನೆ ಅಂದ್ಕೊಂಡೆ.” ಸಣ್ಣಪ್ಪಾ, ಮೇಲೆ ಕ್ಷಮಿಸು ಎಂದು ನಾನು ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ, ಅದನ್ನು ಕೇಳುವ ಹಕ್ಕು ನನಗಿಲ್ಲ, ಬೇಕಾದರೆ ಅವರೇ ಕೇಳಲಿ. ಕೇಳುತ್ತಾರಂತೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಪತ್ರ ಅಂಚೆಗೆ ಬೇಡ, ನಾನೇ ಒಯ್ಯುತ್ತೇನೆ ಅನ್ನುತ್ತಿದ್ದಾರೆ. ಬಾಗಿಲ ಸಂದಿಯಿಂದ ಇದನ್ನು ಒಳಗೆ ಹಾಕಿ, ನೀನು ಓದುವವರೆಗೆ ಹೊರಗೆ ಕಾಯಬೇಕು ಎಂದು ಹೇಳಿ ಕಳಿಸುತ್ತಿದ್ದೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿನ್ನಿಷ್ಟ. ತೆಗೆಯದೆ ಹೋದರೂ ಈ ಅತ್ತಿಗೆ ನಿನ್ನನ್ನು ಒಂದು ಮಾತೂ ಕೇಳುವುದಿಲ್ಲ.